ಸಮುದ್ರಕ್ಕೆ ಎಳೆದ ಗೆರೆಗಳು

ಚುಕ್ಕಿ ರಂಗೋಲಿ ಹಾಕಿದ ಕೈಗೆ ಸಮುದ್ರದ ನಕ್ಷೆ ಕಷ್ಟವಲ್ಲ. ಒಂದು ಚುಕ್ಕಿಯಲ್ಲಿ ನೀರಿನ ಬಿಸಿ 28 ಡಿಗ್ರಿ, ಪಕ್ಕದ್ದರಲ್ಲಿ 29 ಎಂದಿಟ್ಟುಕೊಳ್ಳಿ. ಇಪ್ಪತ್ತೆಂಟೂವರೆಯ ಗೆರೆ ಎರಡರ ನಡುವೆ ಹಾದುಹೋಗಬೇಕು. ಹೀಗೆ ಒಂದೇ ಬಿಸಿಯ ಜಾಗಗಳನ್ನು ಸೇರಿಸುತ್ತ ಹೋದರೆ ಸಿಗುವುದೇ ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಸಮೋಷ್ಣ ರೇಖೆ.

ಇಂಥ ಗೆರೆಗೆ ಹೆಸರು ತಂದದ್ದು ಬಿಸಿಯಲ್ಲ, ದಿಕ್ಸೂಚಿ. ಧೂಮಕೇತುವಿನ ಎಡ್ಮಂಡ್ ಹ್ಯಾಲಿ ಅಟ್ಲಾಂಟಿಕ್ ಸುತ್ತಿ ಬಂದು, ಸೂಜಿ ಉತ್ತರದಿಂದ ಒಂದೇ ಅಳತೆಗೆ ವಾಲುವ ಸ್ಥಳಗಳನ್ನು ಜೋಡಿಸಿ 1701ರಲ್ಲಿ ನಕ್ಷೆ ಅಚ್ಚು ಹಾಕಿಸಿದ. ಅದೇ ಉಪಾಯವನ್ನು ಶಾಖಕ್ಕೆ ಹೂಡಿದವನು ಹಂಬೋಲ್ಟ್, 1817ರಲ್ಲಿ.

ನಮ್ಮ ಕಡಲಿನ ಸರದಿ ಬಂದದ್ದು ತೀರ ತಡವಾಗಿ. 1960ರ ದಶಕದ ಮೊದಲ ವರ್ಷಗಳಲ್ಲಿ ನಡೆದ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಯಾನದಲ್ಲಿ 40ಕ್ಕೂ ಹೆಚ್ಚು ಹಡಗುಗಳು ನೀರನ್ನು ಆಳದಿಂದ ಎತ್ತಿ ಅಳೆದವು. ನಮ್ಮ ನೌಕಾಪಡೆಯ 'ಕಿಸ್ತ್ನಾ' ಕೂಡ ಅವುಗಳಲ್ಲೊಂದು. ಅದರ ಬೆನ್ನಿಗೇ 1966ರಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಗೋವಾಕ್ಕೆ ಹೋದವರು ನೋಡಿರಬಹುದು. ಹಡಗುಗಳು ತಂದ ಅಂಕಿಗಳು ಕ್ಲೌಸ್ ವಿರ್ಟ್ಕಿಯ ಕೈಯಲ್ಲಿ 1971ರಲ್ಲಿ ದೊಡ್ಡದೊಂದು ನಕ್ಷೆ ಪುಸ್ತಕವಾದವು. ಹಡಗು ಹೋದದ್ದು ಕೆಲವೇ ದಾರಿಗಳಲ್ಲಿ, ಚುಕ್ಕಿಗಳು ದೂರದೂರ. ನಡುವಿನದೆಲ್ಲ ತಿಳಿದವರ ಅಂದಾಜು.

ಇಂಜಿನಿಯರಿಂಗ್ ಓದುವ ನನ್ನ ತಂಗಿಯ ಮಗಳಿಗೆ ಈ ತಾಪತ್ರಯವಿಲ್ಲ. "ಇಲ್ ಕಾಣಿ ದೊಡ್ಡಮ್ಮ" ಎಂದು ಕಂಪ್ಯೂಟರಿನಲ್ಲಿ ಪೈಥಾನಿನ 'ಕಾಂಟೂರ್' ಎಂಬ ಫಂಕ್ಷನ್ನಿಗೆ ಅಕ್ಷಾಂಶ, ರೇಖಾಂಶ, ಬಿಸಿಯ ಅಂಕಿ ಕೊಟ್ಟಳು. ಚಾ ಆರುವ ಮೊದಲೇ ಬ್ರಹ್ಮಾವರದಿಂದ ಬೈಂದೂರಿನವರೆಗೆ ಗೆರೆಗಳು! ಗೆರೆ ಒತ್ತೊತ್ತಾದಲ್ಲಿ ತಣ್ಣೀರೂ ಬಿಸಿನೀರೂ ಸಂಧಿಸುತ್ತವೆ, ಮೀನಿನ ಮೇವು ಅಲ್ಲಿ ಸೇರುವುದುಂಟು. 1999ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಇನ್‌ಕಾಯ್ಸ್ ಸಂಸ್ಥೆ ಮೀನು ಸಿಗಬಹುದಾದ ಜಾಗ ಹೇಳುವುದು ಉಪಗ್ರಹ ಕಂಡ ಈ ಬಿಸಿಯನ್ನೂ ನೀರಿನ ಹಸಿರನ್ನೂ ನೋಡಿಯೇ. ಗಂಗೊಳ್ಳಿಯಲ್ಲಿ ಬೋಟಿನ ಡೀಸೆಲ್ ಲೆಕ್ಕ ಹಾಕುವ ಮನೆಯ ಹೆಂಗಸಿಗೆ ಇದು ಬರೀ ಚಿತ್ರವಲ್ಲ.

ಆದರೆ ಅಂಕಿ ಇಲ್ಲದಲ್ಲಿ ಅಂದಾಜು ತುಂಬಿಸಿಟ್ಟರೆ ಫಂಕ್ಷನ್ನು ಅದರ ಮೇಲೂ ಅಷ್ಟೇ ಚೆಂದದ ಗೆರೆ ಎಳೆಯುತ್ತದೆ. ನೋಡುವವರಿಗೆ ವ್ಯತ್ಯಾಸ ತಿಳಿಯದು. ಮಳೆಗಾಲದಲ್ಲಿ ಇದು ದೊಡ್ಡ ಮಾತು. ತಳದ ತಣ್ಣೀರು ದಡದ ಬಳಿ ಮೇಲೇಳುವುದು ಆಗಲೇ. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ, ನಾಡದೋಣಿಯವರು ಮಾತ್ರ ಕಡಲಿಗಿಳಿಯುತ್ತಾರೆ. ಮೋಡ ಮುಚ್ಚಿ ಶಾಖ ಅಳೆಯುವ ಉಪಗ್ರಹದ ಕಣ್ಣಿಗೆ ಸಮುದ್ರ ಬೀಳದೇ ಹೋಗುವುದೂ ಆಗಲೇ.

ಜುಲೈಯ ನಕ್ಷೆಯಲ್ಲಿ ಮರವಂತೆಯ ಎದುರು ಏನೂ ಇರಲಿಲ್ಲ. ಅದನ್ನು ತುಂಬಿಸಲು ಬರುವುದಿಲ್ಲವೇ ಎಂದು ಕೇಳಿದೆ.

"ತುಂಬ್ಸುಕ್ ಆತ್ತ್ ದೊಡ್ಡಮ್ಮ, ಆರೆ ಸುಳ್ ಆತ್ತ್" ಎಂದವಳೇ ಅಷ್ಟು ಭಾಗವನ್ನು ಬೆಳ್ಳಗೆ ಬಿಟ್ಟು ಮುಂದಿನ ತಿಂಗಳ ಅಂಕಿ ತೆರೆದಳು.