ಪಳಗದ ರಬ್ಬರು

ಹೊಸ ಕಾವಲಿಯ ಮೇಲೆ ತಂದ ದಿನವೇ ಯಾರೂ ದೋಸೆ ಹುಯ್ಯುವುದಿಲ್ಲ. ಎಣ್ಣೆ ಸವರಿ, ಈರುಳ್ಳಿಯಿಂದ ಉಜ್ಜಿ, ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ ಅದನ್ನು ಪಳಗಿಸಬೇಕು. ಮೋಟಾರು ರೇಸಿನ ಟಯರಿಗೂ ಇಂಥದ್ದೇ ಒಂದು ಸಂಸ್ಕಾರವಿದೆ. ಆ ಕಸುಬಿನವರು ಅದನ್ನು ‘ಸ್ಕ್ರಬ್ಬಿಂಗ್’ ಎನ್ನುತ್ತಾರೆ. ನನಗೆ ನಮ್ಮ ‘ಪಳಗಿಸುವುದು’ ಎಂಬ ಮಾತೇ ಹೆಚ್ಚು ಸರಿ ಎನಿಸುತ್ತದೆ. ರೇಸಿನ ಚರಿತ್ರೆ ಬರೆದವರು ಎಂಜಿನ್ನಿಗೂ ಚಾಲಕನಿಗೂ ಪುಟಗಟ್ಟಲೆ ಕೊಟ್ಟಿದ್ದಾರೆ. ಆದರೆ ಅಷ್ಟು ದೊಡ್ಡ ಕಾರು ನೆಲವನ್ನು ಮುಟ್ಟುವುದು ರಬ್ಬರಿನ ನಾಲ್ಕು ಪುಟ್ಟ ತೇಪೆಗಳ ಮೂಲಕ ಮಾತ್ರ.

1895ರ ಜೂನ್‌ನಲ್ಲಿ ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿ ಮರಳುವ, ಸುಮಾರು 1,180 ಕಿಲೋಮೀಟರಿನ ರೇಸು ನಡೆಯಿತು. ಅದರಲ್ಲಿ ಆಂದ್ರೆ ಮತ್ತು ಎದುವಾರ್ ಮಿಶೆಲಿನ್ ಎಂಬ ಅಣ್ಣತಮ್ಮಂದಿರು ಗಾಳಿ ತುಂಬಿದ ಟಯರು ಹಾಕಿಕೊಂಡು ಹೊರಟರು. ಕಾರಿನ ಹೆಸರು ‘ಎಕ್ಲೇರ್’, ಅಂದರೆ ಮಿಂಚು. ಆ ಮಿಂಚು ದಾರಿಯುದ್ದಕ್ಕೂ ಪಂಕ್ಚರ್ ಆಗುತ್ತ, ಗೊತ್ತುಮಾಡಿದ್ದ 100 ಗಂಟೆಗಳು ಮೀರಿದ ಮೇಲೆ ಪ್ಯಾರಿಸ್ ಸೇರಿತು. ಗಟ್ಟಿ ರಬ್ಬರಿನ ಚಕ್ರಗಳ ಮೇಲೆ ಎಮಿಲ್ ಲೆವಾಸೋರ್ 48 ಗಂಟೆ 48 ನಿಮಿಷದಲ್ಲೇ ಮುಗಿಸಿದ್ದ. ಆದರೂ ಮುಂದಿನ ಕಾಲ ಸೋತವರ ಪಾಲಾಯಿತು.

ಆಗಿನ ಟಯರುಗಳು ಕಪ್ಪಗಿರಲಿಲ್ಲ, ಬಿಳಿಚಿಕೊಂಡ ಬಣ್ಣ. 1910ರ ದಶಕದಿಂದೀಚೆಗೆ ರಬ್ಬರಿಗೆ ಕಾರ್ಬನ್ ಬ್ಲ್ಯಾಕ್ ಬೆರೆಸುವುದು ರೂಢಿಯಾಯಿತು. ಅದು ನಮ್ಮ ದೀಪದ ಕಾಡಿಗೆಯ ದಾಯಾದಿ. ಅದರಿಂದ ಟಯರಿನ ಬಾಳಿಕೆ ಹಲವು ಪಟ್ಟು ಹೆಚ್ಚಿತು. ಜೊತೆಗೆ ಒಂದು ವಿಚಿತ್ರ ಗುಣವೂ ಎದ್ದು ಕಾಣತೊಡಗಿತು. ಮಸಿ ಬೆರೆತ ರಬ್ಬರು ಮೊದಲ ಸಲ ಎಳೆದಾಗ ಬಿಗಿಯಾಗಿರುತ್ತದೆ, ಎರಡನೇ ಸಲ ಅಷ್ಟೇ ಎಳೆಯಲು ಕಡಿಮೆ ಬಲ ಸಾಕು. ಒಮ್ಮೆ ಊದಿದ ಬಲೂನನ್ನು ಮತ್ತೆ ಊದುವುದು ಸುಲಭವೆಂದು ಮಕ್ಕಳಿಗೂ ಗೊತ್ತು. ಬ್ರಿಟನ್ನಿನ ಲಿಯೊನಾರ್ಡ್ ಮುಲ್ಲಿನ್ಸ್ 1940ರ ದಶಕದ ಕೊನೆಯಲ್ಲಿ ಇದನ್ನು ಕ್ರಮವಾಗಿ ಅಳೆದು ಬರೆದ. ಅವನಿಗಿಂತ ಮೊದಲು ಕಂಡವರಿದ್ದರೂ ಹೆಸರು ಉಳಿದದ್ದು ‘ಮುಲ್ಲಿನ್ಸ್ ಪರಿಣಾಮ’ ಎಂದೇ.

ಪಳಗಿಸುವ ಕೆಲಸದ ಅರ್ಥ ಇರುವುದು ಇಲ್ಲೇ. ಹೊಸ ಟಯರಿನ ಮೈಮೇಲೆ ಅಚ್ಚಿನಿಂದ ಬಂದ ನುಣುಪು ಇರುತ್ತದೆ; ಅದು ಸವೆಯಬೇಕು. ಒಳಗೆ ರಬ್ಬರಿನ ಉದ್ದನೆಯ ಸರಪಣಿಗಳು ಮಸಿಯ ಕಣಗಳಿಗೆ ಅಂಟಿಕೊಂಡಿರುತ್ತವೆ. ಮೊದಲ ಬಿಸಿಗೆ, ಮೊದಲ ಎಳೆತಕ್ಕೆ ದುರ್ಬಲವಾದ ಬೆಸುಗೆಗಳು ಕಳಚುತ್ತವೆ. ಮೊದಲ ಸುತ್ತುಗಳನ್ನು ನಿಧಾನವಾಗಿ ಓಡಿಸಿ, ವೇಗವನ್ನು ಹಂತಹಂತವಾಗಿ ಏರಿಸಿ, ಆಮೇಲೆ ಒಂದು ದಿನವಾದರೂ ಟಯರನ್ನು ಸುಮ್ಮನೆ ಬಿಟ್ಟರೆ ಒಳಗಿನ ಕಟ್ಟು ಮತ್ತೆ ಕೂಡಿಕೊಳ್ಳುತ್ತದೆ, ಈ ಸಲ ಸಮನಾಗಿ. ತಂಪಾದ ಹೊಸ ಟಯರನ್ನು ಮೊದಲ ತಿರುವಿನಲ್ಲೇ ಹಿಂಡಿದರೆ ಮೈ ಕಾಯುತ್ತದೆ, ಒಳಗು ಕಾಯುವುದಿಲ್ಲ. ಮೇಲ್ಮೈ ಹರಿದು ಕಾಳುಕಾಳಾಗುತ್ತದೆ. ಮೆಕ್ಯಾನಿಕ್ಕುಗಳು ಹೊಸದನ್ನು ‘ಸ್ಟಿಕರ್ ಟಯರು’ ಎಂದು ಕರೆಯುತ್ತಾರೆ, ಕಂಪನಿಯ ಚೀಟಿ ಇನ್ನೂ ಮೈಮೇಲೇ ಇರುತ್ತದಲ್ಲ! ಒಂದು ಸುತ್ತಿನ ಆತುರಕ್ಕೆ ಸ್ಟಿಕರ್, ದೂರದ ಓಟಕ್ಕೆ ಪಳಗಿದ್ದು ಎಂಬುದು ಅವರ ಹಳೆಯ ಲೆಕ್ಕ. ಫಾರ್ಮುಲಾ ಒನ್‌ನಲ್ಲಿ ಟಯರಿಗೆ ವಿದ್ಯುತ್ ಕಂಬಳಿ ಹೊದಿಸಿ ಬೆಚ್ಚಗಿಡುತ್ತಾರೆ. ಅಮೆರಿಕದ ನಾಸ್ಕಾರ್‌ನಲ್ಲಿ ಕಂಬಳಿಯಿಲ್ಲ. ಅಲ್ಲಿ ಚಾಲಕನ ತಾಳ್ಮೆಯೇ ಬಿಸಿ.

ಟಯರು ಪಳಗಿದರೆ ಸಾಲದು, ನೆಲವೂ ಪಳಗಬೇಕು. ಇದು ಬಯಲಾದದ್ದು 2008ರ ಜುಲೈ 27ರಂದು, ಇಂಡಿಯಾನಾಪೊಲಿಸ್‌ನಲ್ಲಿ. ಅಲ್ಲಿನ ರಸ್ತೆಯ ಮೈಯನ್ನು ಕೆಲ ವರ್ಷಗಳ ಹಿಂದೆ ವಜ್ರದ ಗರಗಸದಿಂದ ಗೀರಿ ಒರಟು ಮಾಡಿದ್ದರು. ಸಾಮಾನ್ಯವಾಗಿ ಅಭ್ಯಾಸದ ದಿನಗಳಲ್ಲಿ ಟಯರು ಬಿಟ್ಟ ರಬ್ಬರು ಆ ಗೀರುಗಳಲ್ಲಿ ತುಂಬಿಕೊಂಡು, ರೇಸಿನ ಹೊತ್ತಿಗೆ ದಾರಿ ನಯವಾಗುತ್ತಿತ್ತು. ಆ ವರ್ಷ ಕಾರಿನ ಮಾದರಿ ಹೊಸದು, ಬಲಬದಿಯ ಚಕ್ರಗಳ ಮೇಲೆ ಭಾರ ಹೆಚ್ಚು. ಗುಡ್‌ಇಯರ್ ಒದಗಿಸಿದ್ದ ಟಯರಿನ ರಬ್ಬರು ನೆಲಕ್ಕೆ ಅಂಟಲಿಲ್ಲ. ಹಿಟ್ಟಿನಂತೆ ಪುಡಿಯಾಗಿ ಗಾಳಿಗೆ ಹಾರಿತು. ಹತ್ತು ಹನ್ನೆರಡು ಸುತ್ತುಗಳಲ್ಲೇ ಬಲ ಹಿಂಬದಿಯ ಟಯರು ಒಳದಾರ ಕಾಣುವಷ್ಟು ಸವೆಯುತ್ತಿತ್ತು. ಅದು ಸಿಡಿದರೆ ಕಾರು ಗೋಡೆಗೇ.

ಆದ್ದರಿಂದ ಸಂಘಟಕರು ಹತ್ತು ಹನ್ನೆರಡು ಸುತ್ತಿಗೊಮ್ಮೆ ಹಳದಿ ಬಾವುಟ ತೋರಿಸಿ ಎಲ್ಲರನ್ನೂ ತಡೆದು ಟಯರು ಬದಲಿಸಿದರು. 160 ಸುತ್ತುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಹೀಗೆ ಮೆರವಣಿಗೆಯಲ್ಲೇ ಕಳೆಯಿತು. ಗೆದ್ದವನು ಜಿಮ್ಮಿ ಜಾನ್ಸನ್. ದುಡ್ಡು ಕೊಟ್ಟು ಬಂದ ಪ್ರೇಕ್ಷಕರು ಸಿಟ್ಟಾದರು, ಅದು ನ್ಯಾಯವೇ. ಆದರೂ ಆ ಹಳದಿ ಬಾವುಟವನ್ನು ನಾನು ಹೇಡಿತನ ಎನ್ನಲಾರೆ. ಸಪ್ಪೆ ರೇಸನ್ನು ಜನ ಬೈದು ಮರೆಯುತ್ತಾರೆ. ಗೋಡೆಗೆ ಬಡಿದ ಚಾಲಕನ ಮನೆಯವರಿಗೆ ಮರೆಯುವ ಆ ಸೌಕರ್ಯವಿಲ್ಲ.

ಆ ವರ್ಷ ರೇಸಿಗೆ ಮುನ್ನ ಪರೀಕ್ಷೆಗೆ ಓಡಿದ್ದು ಬೆರಳೆಣಿಕೆಯ ಕಾರುಗಳು. ನಂತರ ಗುಡ್‌ಇಯರ್‌ನವರು ಅದೇ ಟ್ರ್ಯಾಕಿಗೆ ಮತ್ತೆ ಮತ್ತೆ ಬಂದು, ಸಾವಿರಾರು ಮೈಲಿ ಓಡಿಸಿ, ಬೇರೆ ಮಿಶ್ರಣ ಕಲಸಿದರು. 2009ರಲ್ಲಿ ರಬ್ಬರು ನೆಲಕ್ಕೆ ಅಂಟಿತು.