ಪ್ರಾಚೀನ ಗ್ರೀಕ್ ನಾಣ್ಯಗಳ ನಕಲು ಪತ್ತೆ

ಪ್ರಾಚೀನ ಗ್ರೀಕ್ ನಾಣ್ಯಗಳ ನಕಲು ಪತ್ತೆ ಎಂಬುದು ನಾಣ್ಯಶಾಸ್ತ್ರದ ಒಂದು ಅಂಗ. ಗ್ರೀಕ್ ನಗರರಾಜ್ಯಗಳು ಹಾಗೂ ಅರಸರು ಹೊರಡಿಸಿದವು ಎಂದು ಮಾರಾಟಕ್ಕೆ ಬರುವ ನಾಣ್ಯಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂಬುದನ್ನು ಇದರಲ್ಲಿ ತಯಾರಿಕೆಯ ಗುರುತು, ತೂಕ, ಲೋಹ, ಶೈಲಿ ಮತ್ತು ಮಾಲೀಕತ್ವದ ಇತಿಹಾಸಗಳ ಆಧಾರದಿಂದ ನಿರ್ಣಯಿಸಲಾಗುತ್ತದೆ. ಒಂದೇ ಒಂದು ದೋಷ ಖಚಿತವಾದರೂ ನಾಣ್ಯವು ನಕಲಿ ಎಂದು ತೀರ್ಮಾನಿಸಬಹುದು. ಆದರೆ ಅಸಲಿ ಎಂದು ಹೇಳಲು ಯಾವ ಒಂದು ಪರೀಕ್ಷೆಯೂ ಸಾಲದು. ನಕಲಿ ನಾಣ್ಯದಿಂದ ಕೊಳ್ಳುವವರಿಗೆ ಹಣ ನಷ್ಟವಾಗುವುದಲ್ಲದೆ, ಅದನ್ನು ನಂಬಿ ಬರೆದ ಇತಿಹಾಸವೂ ತಪ್ಪಾಗುತ್ತದೆ.

ತಯಾರಿಕೆಯ ವಿಧಾನ

ಗ್ರೀಕ್ ನಾಣ್ಯಗಳನ್ನು ಬಹುಮಟ್ಟಿಗೆ ಕೈಯಿಂದ ಟಂಕಿಸಲಾಗುತ್ತಿತ್ತು. ಮುಂಬದಿಯ ಅಚ್ಚನ್ನು ಅಡಿಗಲ್ಲಿನಲ್ಲಿ ಕೂರಿಸಿ, ಅದರ ಮೇಲೆ ಲೋಹದ ಬಿಲ್ಲೆಯನ್ನಿಟ್ಟು, ಹಿಂಬದಿಯ ಅಚ್ಚಿರುವ ಮೊಳೆಯನ್ನು ಮೇಲಿನಿಂದ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಆದ್ದರಿಂದ ಒಂದೇ ಅಚ್ಚಿನ ಎರಡು ನಾಣ್ಯಗಳಲ್ಲಿಯೂ ಬಿಲ್ಲೆಯ ಆಕಾರ, ಚಿತ್ರ ಕೂತಿರುವ ಸ್ಥಾನ ಮತ್ತು ಅಂಚಿನ ಬಿರುಕುಗಳು ಬೇರೆಬೇರೆಯಾಗಿರುತ್ತವೆ. ಚಿತ್ರವು ಒಂದು ಕಡೆಗೆ ಸರಿದಿರುವುದು ಅಥವಾ ಅಂಚು ಸೀಳಿರುವುದು ನಕಲಿನ ಲಕ್ಷಣವಲ್ಲ. ಎರಡು ನಾಣ್ಯಗಳಲ್ಲಿ ಇವೆಲ್ಲವೂ ಒಂದೇ ಬಗೆಯಾಗಿದ್ದರೆ ಮಾತ್ರ, ಕನಿಷ್ಠ ಒಂದಾದರೂ ನಕಲಿ ಎಂದು ತಿಳಿಯಬೇಕು.

ಪ್ರಾಚೀನ ಕಾಲದ ನಕಲುಗಳು

ನಕಲು ನಾಣ್ಯಗಳ ಹಾವಳಿ ನಾಣ್ಯಗಳಷ್ಟೇ ಹಳೆಯದು. ಸಾಮೋಸ್ ದ್ವೀಪದ ಪಾಲಿಕ್ರಟೀಸನು ಸೀಸದ ನಾಣ್ಯಗಳಿಗೆ ಚಿನ್ನದ ಲೇಪ ಕೊಟ್ಟು ಸ್ಪಾರ್ಟದವರನ್ನು ವಂಚಿಸಿದನೆಂಬ ಕಥೆಯನ್ನು ಹೆರೊಡೋಟಸ್ ದಾಖಲಿಸಿದ್ದಾನೆ. ಆದರೆ ಅವನೇ ಅದನ್ನು ನಂಬುವುದಿಲ್ಲ. ತಾಮ್ರದ ತಿರುಳಿನ ಮೇಲೆ ತೆಳುವಾದ ಬೆಳ್ಳಿಯ ಹಾಳೆ ಹೊದಿಸಿ ಟಂಕಿಸಿದ ನಾಣ್ಯಗಳು ಇಂದಿಗೂ ಹೇರಳವಾಗಿ ದೊರೆಯುತ್ತವೆ.

ಕ್ರಿ.ಪೂ. ೩೭೫/೪ರಲ್ಲಿ ನಿಕೋಫೋನನ ಸೂಚನೆಯಂತೆ ಅಥೆನ್ಸ್ ಒಂದು ಕಾನೂನನ್ನು ಮಾಡಿತು. ಅದರ ಶಿಲಾಶಾಸನ ೧೯೭೦ರಲ್ಲಿ ಅಥೆನ್ಸಿನ ಅಗೋರಾದ ಉತ್ಖನನದಲ್ಲಿ ದೊರೆಯಿತು. ಸಾರ್ವಜನಿಕ ಗುಲಾಮನಾದ ನಾಣ್ಯಪರೀಕ್ಷಕನು ಚಿನಿವಾರರ ಮೇಜುಗಳ ನಡುವೆ ಕುಳಿತು ನಾಣ್ಯಗಳನ್ನು ಪರೀಕ್ಷಿಸಬೇಕು. ತಿರುಳಿನಲ್ಲಿ ಕಂಚು ಅಥವಾ ಸೀಸವಿದ್ದ ನಾಣ್ಯವನ್ನು ಅಲ್ಲಿಯೇ ಕತ್ತರಿಸಬೇಕು ಎಂದು ಅದು ವಿಧಿಸಿತು. ಅವನು ಒಪ್ಪಿದ ನಾಣ್ಯವನ್ನು ನಿರಾಕರಿಸುವ ವರ್ತಕರಿಗೆ ದಂಡನೆಯೂ ಇತ್ತು. ಅನೇಕ ನಾಣ್ಯಗಳ ಮೇಲೆ ಕಾಣುವ ಉಳಿಯ ಗಾಯಗಳು ಇಂತಹ ಪರೀಕ್ಷೆಯ ಗುರುತುಗಳು. ಆ ಕಾಲದ ಲೇಪಿತ ನಾಣ್ಯಗಳು ವಂಚನೆಗಾಗಿ ಹುಟ್ಟಿದವಾದರೂ ಇಂದು ಐತಿಹಾಸಿಕ ವಸ್ತುಗಳೇ ಆಗಿದ್ದು, ಅವನ್ನು ಆಧುನಿಕ ನಕಲುಗಳೊಂದಿಗೆ ಸೇರಿಸಲಾಗದು.

ಆಧುನಿಕ ನಕಲುಗಳು

ಸಂಗ್ರಾಹಕರನ್ನು ವಂಚಿಸಿದವರಲ್ಲಿ ಜರ್ಮನಿಯ ಸ್ಪೈಯರ್ ನಗರದಲ್ಲಿ ಜನಿಸಿದ ಕಾರ್ಲ್ ವಿಲ್ಹೆಲ್ಮ್ ಬೆಕರ್ (೧೭೭೨–೧೮೩೦) ಪ್ರಸಿದ್ಧ. ಅವನು ನೂರಾರು ಅಚ್ಚುಗಳನ್ನು ತಾನೇ ಕೆತ್ತಿದನು. ಲೋಹ ಸರಿಯಾಗಿರಲೆಂದು ಅಗ್ಗದ ಅಸಲಿ ನಾಣ್ಯಗಳ ಮೇಲೆಯೇ ಹೊಸ ಚಿತ್ರ ಒತ್ತುತ್ತಿದ್ದನು. ಹೊಳಪು ಹೋಗಲೆಂದು ಅವನ್ನು ಕಬ್ಬಿಣದ ಪುಡಿಯಿದ್ದ ಪೆಟ್ಟಿಗೆಯಲ್ಲಿಟ್ಟು ತನ್ನ ಕುದುರೆಗಾಡಿಗೆ ಕಟ್ಟಿ ಸುತ್ತಾಡಿಸುತ್ತಿದ್ದನೆಂದು ಹೇಳಲಾಗುತ್ತದೆ. ೧೮೨೬ರಲ್ಲಿ ಇಟಲಿಯ ವಿದ್ವಾಂಸ ಡೊಮೆನಿಕೊ ಸೆಸ್ಟಿನಿ ಅವನ ನಕಲುಗಳನ್ನು ಪ್ರಕಟಪಡಿಸಿದನು. ಬೆಕರನ ಅನೇಕ ಅಚ್ಚುಗಳು ಈಗ ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಥೆನ್ಸಿನ ಕ್ರಿಸ್ಟೊಡೂಲೋಸ್ ಇದೇ ಕೆಲಸದಿಂದ ಕುಖ್ಯಾತನಾದನು.

೧೯೮೮ರಲ್ಲಿ ಕಪ್ಪು ಸಮುದ್ರ ತೀರದ ಅಪೊಲೋನಿಯ ಮತ್ತು ಮೆಸೆಂಬ್ರಿಯ ನಗರಗಳ ಸಣ್ಣ ಬೆಳ್ಳಿ ನಾಣ್ಯಗಳು ಒಂದು ನಿಧಿಯೆಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದವು. ಅವುಗಳ ವಿಷಯದಲ್ಲಿ ತಜ್ಞರೇ ಎರಡು ಪಕ್ಷವಾದರು. ಬಳಿಕ ಅವು ಆಧುನಿಕ ನಕಲುಗಳೆಂದು ತೀರ್ಮಾನವಾಯಿತು. ೨೦೧೨ರಲ್ಲಿ ನ್ಯೂಯಾರ್ಕಿನಲ್ಲಿ ಅನುಭವಿ ಸಂಗ್ರಾಹಕರೊಬ್ಬರು ಸಿಸಿಲಿಯಿಂದ ಕದ್ದು ತಂದವೆಂದು ತಾವೇ ನಂಬಿದ್ದ ನಾಣ್ಯಗಳನ್ನು ಮಾರಲು ಹೋಗಿ ಬಂಧಿತರಾದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರೀಕ್ಷೆಯಲ್ಲಿ ಆ ನಾಣ್ಯಗಳು ನಕಲಿ ಎಂದು ತಿಳಿದುಬಂದಿತು.

ಪರೀಕ್ಷಾ ವಿಧಾನಗಳು

ಎರಕದ ಗುರುತು: ಅಸಲಿ ನಾಣ್ಯದಿಂದ ಪಡಿಯಚ್ಚು ತೆಗೆದು ಲೋಹವನ್ನು ಎರೆಯುವುದು ನಕಲಿನ ಸುಲಭ ವಿಧಾನ. ಇಂತಹ ನಾಣ್ಯದ ಮೇಲ್ಮೈಯಲ್ಲಿ ಗಾಳಿಗುಳ್ಳೆಗಳಿಂದಾದ ಸೂಕ್ಷ್ಮ ಕುಳಿಗಳೂ ಉಬ್ಬುಗಳೂ ಕಾಣುತ್ತವೆ. ಅಕ್ಷರಗಳ ಅಂಚು ಮೊಂಡಾಗಿರುತ್ತದೆ. ಪಡಿಯಚ್ಚಿನ ಎರಡು ಭಾಗಗಳು ಕೂಡಿದ ಗೆರೆ, ಅಥವಾ ಅದನ್ನು ಅಳಿಸಲು ಅರದಿಂದ ಉಜ್ಜಿದ ಗುರುತು, ನಾಣ್ಯದ ಅಂಚಿನಲ್ಲಿ ಉಳಿದಿರಬಹುದು. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದಕ್ಕೆ ಸಾಕು.

ತೂಕ ಮತ್ತು ಸಾಂದ್ರತೆ: ಅಥೆನ್ಸಿನ ಗೂಬೆಯ ಚಿತ್ರವಿರುವ ಟೆಟ್ರಾಡ್ರಾಕ್ಮ್ ನಾಣ್ಯ ಸುಮಾರು ೧೭.೨ ಗ್ರಾಂ ತೂಗುತ್ತದೆ. ಕೊರಿಂತಿನ ಸ್ಟೇಟರ್ ಸುಮಾರು ೮.೬ ಗ್ರಾಂ. ಸವೆತದಿಂದ ತೂಕ ಕೊಂಚ ತಗ್ಗಬಹುದು. ಸವೆಯದ ನಾಣ್ಯ ಬಹಳ ಹಗುರವಾಗಿದ್ದರೆ ಅನುಮಾನಿಸಬೇಕು. ಶುದ್ಧ ಬೆಳ್ಳಿಯ ಸಾಪೇಕ್ಷ ಸಾಂದ್ರತೆ ೧೦.೫, ತಾಮ್ರದ್ದು ೮.೯೬, ತವರದ್ದು ೭.೩. ನಾಣ್ಯವನ್ನು ಗಾಳಿಯಲ್ಲಿಯೂ ನೀರಿನಲ್ಲಿಯೂ ತೂಗಿ ಈ ಅಂಕಿಯನ್ನು ಕಂಡುಹಿಡಿಯಬಹುದು. ಆದರೆ ಒಳ್ಳೆಯ ಬೆಳ್ಳಿಯಿಂದಲೇ ಮಾಡಿದ ನಕಲು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ.

ಮೇಲ್ಮೈ: ಶತಮಾನಗಳ ಕಾಲ ಮಣ್ಣಿನಲ್ಲಿದ್ದ ಬೆಳ್ಳಿಯು ಹರಳುಗಟ್ಟಿ ಪೆಡಸಾಗುತ್ತದೆ. ಕಂಚಿನ ಮೇಲಿನ ಸಹಜ ಕಿಲುಬು ಲೋಹಕ್ಕೆ ಅಂಟಿಕೊಂಡಿರುತ್ತದೆ. ರಾಸಾಯನಿಕದಿಂದ ಅಥವಾ ಬಣ್ಣದಿಂದ ತಂದ ಕಿಲುಬು ಹಲವು ಬಾರಿ ಸುಲಭವಾಗಿ ಉದುರುತ್ತದೆ.

ಶೈಲಿ ಮತ್ತು ಅಚ್ಚು: ಅಚ್ಚು ಒತ್ತಿಯೇ ಮಾಡಿದ ನಕಲುಗಳನ್ನು ಹಿಡಿಯುವುದು ಕಷ್ಟ. ಇಲ್ಲಿ ಕಣ್ಣು, ಕೂದಲು, ಅಕ್ಷರಗಳ ಕೆತ್ತನೆಯನ್ನು ವಸ್ತುಸಂಗ್ರಹಾಲಯಗಳ ಸೂಚೀಗ್ರಂಥಗಳಲ್ಲಿರುವ ಅಸಲಿ ನಾಣ್ಯಗಳೊಂದಿಗೆ ಹೋಲಿಸಬೇಕು. ಬೇರೆ ಕಾಲದ ಅಥವಾ ಬೇರೆ ಟಂಕಸಾಲೆಯ ಮುಂಬದಿ–ಹಿಂಬದಿಗಳು ಒಂದೇ ನಾಣ್ಯದಲ್ಲಿ ಸೇರಿರುವುದು ನಕಲಿನ ಬಲವಾದ ಸುಳಿವು.

ಕೊಳ್ಳುವಾಗ ವಹಿಸುವ ಎಚ್ಚರ

ಪ್ರವಾಸಿ ತಾಣಗಳಲ್ಲಿ, ಹೊಲದಲ್ಲಿ ಈಗಷ್ಟೇ ಸಿಕ್ಕಿತೆಂದು ಹೇಳಿ ಮಾರುವ ನಾಣ್ಯಗಳನ್ನು ಕೊಳ್ಳಬಾರದು. ಅವು ನಕಲಿಯಲ್ಲದಿದ್ದರೆ ಅಕ್ರಮ ಅಗೆತದವಾಗಿರುವ ಸಂಭವವಿದೆ. ನಕಲಿ ಎಂದು ಸಾಬೀತಾದರೆ ಕಾಲಮಿತಿಯಿಲ್ಲದೆ ಹಣ ಹಿಂತಿರುಗಿಸುವುದಾಗಿ ಬರೆದುಕೊಡುವ ವ್ಯಾಪಾರಿಯನ್ನೇ ಆರಿಸಿಕೊಳ್ಳಬೇಕು. ಹಳೆಯ ಹರಾಜಿನ ಸಚಿತ್ರ ಪಟ್ಟಿಯಲ್ಲಿ ಅದೇ ನಾಣ್ಯದ ಚಿತ್ರವಿದ್ದರೆ, ಅಂಚಿನ ಬಿರುಕು ಮತ್ತು ಗಾಯಗಳನ್ನು ಹೋಲಿಸಿ ಗುರುತಿಸಬಹುದು. ಇಂತಹ ದಾಖಲೆಯೂ ಒಂದು ಪುರಾವೆ ಮಾತ್ರ. ಬೆಕರನ ಕಾಲದ ನಕಲುಗಳಿಗೂ ಇನ್ನೂರು ವರ್ಷಗಳ ಇತಿಹಾಸವಿದೆ.

ಭಾರತದಲ್ಲಿ

ವಾಯವ್ಯ ಭಾರತವನ್ನು ಆಳಿದ ಇಂಡೋ-ಗ್ರೀಕ್ ಅರಸರ ನಾಣ್ಯಗಳಿಗೂ ಇದೇ ಪರೀಕ್ಷೆಗಳು ಅನ್ವಯಿಸುತ್ತವೆ. ಅವುಗಳಲ್ಲಿ ಅನೇಕವು ಒಂದು ಬದಿಯಲ್ಲಿ ಗ್ರೀಕ್, ಇನ್ನೊಂದು ಬದಿಯಲ್ಲಿ ಖರೋಷ್ಠಿ ಲಿಪಿ ಹೊಂದಿರುವುದರಿಂದ ಎರಡೂ ಬರಹಗಳನ್ನು ಓದಿ ಹೋಲಿಸಬೇಕು. ೧೯೭೨ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮದಂತೆ ನೂರು ವರ್ಷಕ್ಕಿಂತ ಹಳೆಯ ನಾಣ್ಯಗಳು ಪ್ರಾಚ್ಯವಸ್ತುಗಳಾಗಿದ್ದು, ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ನಡೆಸುವುದಕ್ಕೂ ಖಾಸಗಿಯವರು ಅವನ್ನು ರಫ್ತು ಮಾಡುವುದಕ್ಕೂ ಅವಕಾಶವಿಲ್ಲ.