ಕೋರಾ ಬಟ್ಟೆಯ ಮೇಲಿನ ಹನಿ

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ನಮ್ಮಜ್ಜ ಇಲ್ಲಿನ ಒಂದು ಹತ್ತಿ ಗಿರಣಿಯ ಬ್ಲೀಚಿಂಗ್ ಖಾತೆಯಲ್ಲಿದ್ದರು. ಬಟ್ಟೆ ಸರಿಯಾಗಿ ಬೆಂದಿದೆಯೇ ಎಂದು ತಿಳಿಯಲು ಅವರು ಒಂದು ಹನಿ ನೀರು ಬಿಟ್ಟು, ಅದು ಇಂಗುವವರೆಗೆ ಎಣಿಸುತ್ತಿದ್ದರಂತೆ. ಕೋರಾ ಬಟ್ಟೆಯ ಮೇಲೆ ಹನಿ ಕೆಸುವಿನೆಲೆಯ ಮೇಲಿನಂತೆ ನಿಲ್ಲುತ್ತದೆ. ಹತ್ತಿಯ ಎಳೆಗೆ ಹುಟ್ಟಿನಿಂದಲೇ ಮೇಣದ ಲೇಪವಿದೆ. ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಅದನ್ನು ತೆಗೆದರೆ ಹನಿ ಕ್ಷಣದಲ್ಲಿ ಮಾಯ.

ಕೂದಲೆಳೆಯಂಥ ಕೊಳವೆಗಳಲ್ಲಿ ದ್ರವ ತಾನಾಗಿ ಹರಿಯುವಾಗ ಗೋಡೆಯ ಘರ್ಷಣೆಯನ್ನು ತಗ್ಗಿಸುವುದು ಹೇಗೆ? ಇದು ನನ್ನ ಪಿಎಚ್.ಡಿ. ವಿಷಯ. ಪ್ಯಾರಿಸ್ಸಿನ ವೈದ್ಯ ಪ್ವಾಸೆಯ್, ರಕ್ತನಾಳಗಳ ಕುತೂಹಲದಿಂದ, 1840ರ ಆಸುಪಾಸಿನಲ್ಲಿ ಸಣ್ಣ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಅಳೆದ. ಒತ್ತಡ ಅಷ್ಟೇ ಇದ್ದು ವ್ಯಾಸ ಅರ್ಧವಾದರೆ ಹರಿವು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 1918ರಲ್ಲಿ ಲ್ಯೂಕಾಸ್, 1921ರಲ್ಲಿ ವಾಶ್‌ಬರ್ನ್, ಮೇಲ್ಮೈ ಎಳೆತವನ್ನೂ ಈ ತಡೆಯನ್ನೂ ಒಂದೇ ಸಮೀಕರಣಕ್ಕೆ ತಂದರು. ಅಡ್ಡ ಮಲಗಿಸಿದ ಕೊಳವೆಯಲ್ಲಿ ನೀರು 1 ಸೆಂ.ಮೀ. ಸಾಗಲು 1 ಸೆಕೆಂಡ್ ಬೇಕಾದರೆ, 2 ಸೆಂ.ಮೀ.ಗೆ 4, 3ಕ್ಕೆ 9. ಮುಂದೆ ಹೋದಷ್ಟೂ ತೊಯ್ದ ಗೋಡೆ ಉದ್ದವಾಗುತ್ತದೆ, ಎಳೆಯುವ ಬಲ ಮಾತ್ರ ಅಷ್ಟೇ ಇರುತ್ತದೆ. (ಕೊಳವೆ ಸಣ್ಣದಾದಷ್ಟೂ ನೀರು ಹೆಚ್ಚು ಎತ್ತರ ಏರುತ್ತದೆಂದು ಶಾಲೆಯಲ್ಲಿ ಕಲಿತದ್ದು ನಿಜ, ಅಲ್ಲಿ ಅದು ನಿಧಾನ ಎಂಬುದನ್ನು ಯಾರೂ ಹೇಳಿರಲಿಲ್ಲ.)

ಹಾಗಾದರೆ ಗೋಡೆಯನ್ನೇ ಜಾರಿಸಿದರಾಯಿತಲ್ಲ ಎಂದುಕೊಂಡು ನೀರನ್ನು ಒಲ್ಲದ ಲೇಪ ಹಚ್ಚಿದೆ. ನೀರು ಕೊಳವೆಯ ಬಾಯಲ್ಲೇ ನಿಂತಿತು. 14 ತಿಂಗಳು ಲೇಪ ಬದಲಿಸುತ್ತಲೇ ಇದ್ದೆ. ತಡೆಯುವ ಗೋಡೆಯೇ ಎಳೆಯುವ ಗೋಡೆಯೂ ಹೌದು. ನಾನು ಗಾಜಿನಲ್ಲಿ ಕೋರಾ ಬಟ್ಟೆ ಮಾಡುತ್ತಿದ್ದೆ.

ಬೇಸರ ಕಳೆಯಲು ಅಜ್ಜಿಯ ಜೊತೆ ಹರಿಹರಕ್ಕೆ ಹೋದೆ. ಪೊಲಾಳ್ವ ದಂಡನಾಯಕ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯಲ್ಲಿ ಅಜ್ಜಿ ದೀಪ ಹಚ್ಚಿದಳು. ಬತ್ತಿ ಅವಳೇ ಬೀಜ ಬಿಡಿಸಿ ಹೊಸೆದದ್ದು, ಮೇಣ ಹೋಗದ ಹಸಿ ಹತ್ತಿ. ನೀರಿಗೆ ಒಲಿಯದ ಆ ಎಳೆಯಲ್ಲಿ ಎಣ್ಣೆ ಸಲೀಸಾಗಿ ಏರಿತು. ಒಳಗೆ ಅರ್ಧ ಹರಿ, ಅರ್ಧ ಹರ ಆದ ಮೂರ್ತಿ. ನನ್ನ ಕೊಳವೆಯ ನಾಲ್ಕೂ ಗೋಡೆ ಒಂದೇ ಥರ ಯಾಕಿರಬೇಕು ಎನಿಸಿತು.

ಈಗ ಕೆಳಗಿನ ಗೋಡೆ ನೀರನ್ನು ಎಳೆಯುತ್ತದೆ, ಮೇಲಿನದು ಸಣ್ಣ ಗೀರುಗಳಲ್ಲಿ ಗಾಳಿ ಹಿಡಿದಿಟ್ಟುಕೊಂಡು ಜಾರಿಸುತ್ತದೆ. ನೀರು ಸಾಗುತ್ತಿದೆ, ಆದರೆ ಗೀರುಗಳಿಗೂ ನುಗ್ಗಿಬಿಡುತ್ತದೆ. ಪ್ರತಿ ಸಲವೂ ಬಾಯಲ್ಲಿ ಎಣಿಸುತ್ತೇನೆ. ಆ ಗಿರಣಿ ಮುಚ್ಚಿ ವರ್ಷಗಳಾದವು, ಅಜ್ಜನೂ ಇಲ್ಲ. ಎಷ್ಟು ಎಣಿಕೆಗೆ ಅವರು ಬಟ್ಟೆಯನ್ನು ಪಾಸು ಮಾಡುತ್ತಿದ್ದರೆಂದು ನಾನು ಕೇಳಿಟ್ಟುಕೊಳ್ಳಲಿಲ್ಲ.